ಅಕ್ಕಯಮ್ಮನ ಹೆಸರಿನ ಮುಂದೆ

ರಾಜಾನುಕುಂಟೆ
೯ ಫೆಬ್ರವರಿ ೨೦೨೫

ಮುದ್ದು ದಿವ್ಯ,

ಚೆನ್ನಾಗಿದ್ದೀಯ ತಾನೇ? ಮತ್ತಿಕೆರೆಯ ರೂಮಿನಲ್ಲಿ ನೀರಿಗೆ ತೊಂದರೆಯಿಲ್ಲವಾ? ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತೆ, ಎದ್ದೆ, ಮತ್ತೆ ಕೂತೆ. ಬೇಜಾರು ಮಾಡಿಕೊಳ್ಳಬೇಡ.

"ಅತ್ತೆ, ನಿಮ್ ಕಾಗದ ಬಸ್ ಬೋರ್ಡ್ ಇದ್ದಂಗೆ. ಬರೀ ಸ್ಟಾಪು, ಮಧ್ಯೆ ರಸ್ತೇನೇ ಇಲ್ಲ" ಅಂತ ನಗ್ತೀಯಲ್ಲ, ನಿಜವೇ ಕಣಮ್ಮ. ನಾನು ಅಕ್ಷರ ಕಲಿತದ್ದೇ ಬೋರ್ಡು ನೋಡಿ. ಯಲಹಂಕ, ಹೆಬ್ಬಾಳ, ಯಶವಂತಪುರ. 'ಆದ್ದರಿಂದ' ಅಂತ ಅಲ್ಲಿ ಯಾರೂ ಬರೆದಿರಲಿಲ್ಲ. ನನ್ನ ಕೈಗೆ ಆ ಮಾತು ಇವತ್ತಿಗೂ ಬರುವುದಿಲ್ಲ.

ನಿನ್ನ ಮದುವೆಗೆ ಛತ್ರ ಗೊತ್ತಾಯಿತು. ಮನೆಗೆ ಬಣ್ಣ ಹೊಡೆಸಿದ್ದೂ ಆಯಿತು. ಕೆಳಗಿನ ಬಾಡಿಗೆ ಮನೆಯ ಅಡುಗೆಮನೆ ನೆಲ ಮಾತ್ರ ಒಣಗುತ್ತಿಲ್ಲ. ಬಾಗಲಕೋಟೆ ಕಡೆಯ ರತ್ನವ್ವ ಅಲ್ಲಿಗೆ ಹೊಸದಾಗಿ ಬಂದಿದ್ದಾಳೆ. ಮೊನ್ನೆ ಮಧ್ಯಾಹ್ನ ಒಲೆ ಆರಿಸಿ ಮೇಲೆ ಬಂದಳು. "ಅವ್ವಾರ, ನಿಮ್ಮ ನೆಲದಾಗ ಯಾರೋ ಕೊಡ ಮುಳುಗಸ್ತಾರ. ಆಮ್ಯಾಲ ಬಳಿಗಳ ಸಪ್ಪಳ ಬರ್ತೈತಿ" ಅಂದಳು. ಆ ಜಾಗದಲ್ಲಿ ಬಾವಿ ಇತ್ತು, ಮುಚ್ಚಿಸಿ ಮನೆ ಕಟ್ಟಿದ್ದು ಅಂತ ಅವಳಿಗೆ ಯಾರೂ ಹೇಳಿಲ್ಲ.

ಪೈಪು ಒಡೆದಿರಬೇಕು ಎಂದ ನಿಮ್ಮಪ್ಪ. ಪ್ಲಂಬರ್ ಅಬ್ರಾರ್ ನೋಡಿದ. ಆ ನೆಲದಡಿ ಪೈಪೇ ಹೋಗಿಲ್ಲವಂತೆ. ನಾನು ನೆಲಕ್ಕೆ ಕಿವಿ ಇಟ್ಟೆ. ಸದ್ದು ನಿಂತಿತು. ಯಾರೋ ಅತ್ತ ಕಡೆಯಿಂದ ಕಿವಿ ಇಟ್ಟ ಹಾಗಿತ್ತು. ಎದ್ದೆ. ಮತ್ತೆ ಬಳೆಯ ಸದ್ದು. ನಿಮ್ಮಪ್ಪ ಈಗ ಕೆಳಗೆ ಇಳಿಯುವುದಿಲ್ಲ.

ಮದುವೆ ಕಾರ್ಡಿನಲ್ಲಿ ಅಮ್ಮನ ಹೆಸರಿನ ಮುಂದೆ ಏನು ಹಾಕಿಸಲಿ ಅಂತ ಕೇಳಿದ್ದೀಯ. "ಮನೆ ಬಿಟ್ಟೋದೋಳ ಎಸರು ಯಾಕೆ" ಅನ್ನುತ್ತಾನೆ ನಿಮ್ಮಪ್ಪ. ನೀನು 'ಶ್ರೀಮತಿ ಅಕ್ಕಯಮ್ಮ' ಅಂತ ಹಾಕಿಸಿದರೆ ಎಲ್ಲಿದ್ದರೂ ಓದಿಕೊಂಡು ಬಂದಾಳು ಅಂತ ಆಸೆ ಇಟ್ಟುಕೊಂಡಿದ್ದೀಯ. ಅದಕ್ಕೆ ಏನು ಬರೆಯಬೇಕೋ ತಿಳಿಯದೆ ಇಷ್ಟು ತಡವಾಯಿತು.

ಊಟ ಬಿಡಬೇಡ. ಹೋದ ಮನೆಯಲ್ಲಿ ನಗುನಗುತ್ತಾ ಬಾಳು, ಕಂದ.

ನಿನ್ನ ಸೋದರತ್ತೆ,
ಮುನಿವೆಂಕಟಮ್ಮ

ವಿ.ಸೂ.: ಆ ಬೆಳಿಗ್ಗೆ ನಿಮ್ಮಮ್ಮ ಕೊಡ ತೆಗೆದುಕೊಂಡು ಬಾವಿಗೆ ಹೋದಳು. ಹಿಂದೆಯೇ ನಿಮ್ಮಪ್ಪ ಹೋದ. ನಿಮ್ಮಪ್ಪ ಬಂದ. ಮಣ್ಣಿನ ಲಾರಿಗಳು ಬಂದವು. ಸಂಜೆಗೆ ನೆಲ ಸಮವಾಯಿತು. ಒಲೆಯಲ್ಲಿ ಅವಳ ಚಪ್ಪಲಿ ಉರಿಯುತ್ತಿತ್ತು. ನೀನು ತೊಟ್ಟಿಲಲ್ಲಿ ನಗುತ್ತಿದ್ದೆ.

ಕಾರ್ಡಿನಲ್ಲಿ 'ದಿವಂಗತ' ಅಂತ ಹಾಕಿಸು. ಕಾಯಬೇಡ.