ಎಡಕ್ಕೆ ಹೊಸೆದ ಹಗ್ಗ

ಕೊಂದೋರ್‌ಪಾಟಾ, ಬೊಲಿವಿಯಾ
ನವೆಂಬರ್ ೯, ೧೯೯೨

ಪ್ರೀತಿಯ ತಮ್ಮ ಫೋರ್ತುನಾತೋ,

ಹೇಗಿದ್ದೀಯಪ್ಪ? ಚಳಿಗೆ ನಿನ್ನ ಹಿಮ್ಮಡಿ ಈಗಲೂ ಒಡೆಯುತ್ತದೆಯೇ? ಲಾಮಾದ ಕೊಬ್ಬು ಹಚ್ಚಿಕೊಳ್ಳಬೇಕಂತೆ, ಅಮ್ಮ ಬರೆ ಅಂದಳು. ಅವಳು ಗಟ್ಟಿಯಾಗಿಯೇ ಇದ್ದಾಳೆ. ಕಣ್ಣು ಮಂಜಾಗಿದೆ, ನಾಲಿಗೆಗೆ ಏನೂ ಆಗಿಲ್ಲ. ನಾನು ಶಾಲೆಯಿಂದ ನಿವೃತ್ತಳಾದೆ. ಪತ್ರಿಕೆ ಓದುವುದು, ಓದಿ ಸಿಟ್ಟಾಗುವುದು, ಸಿಟ್ಟಿನಲ್ಲಿ ಮಂತ್ರಿಗಳಿಗೆ ಬರೆಯುವುದು, ಇವುಗಳಿಂದ ಮಾತ್ರ ನಿವೃತ್ತಿ ಸಿಕ್ಕಿಲ್ಲ. ನಿನಗೆ ಬರೆಯುತ್ತಿರುವುದು ಇದೇ ಮೊದಲು. ವಿಳಾಸ ಗೊತ್ತಿಲ್ಲವೆಂದು ಸುಮ್ಮನಿದ್ದೆ. ಈಗಲೂ ಗೊತ್ತಿಲ್ಲ.

ನಿನ್ನ ಹೊರೆ ಲಾಮಾಗಳ ಸಾಲಿನ ಮುಂದಾಳು ಆಲ್ಕಾ ಇನ್ನೂ ಇದ್ದಾನೆ. ಕಪ್ಪು ಮಚ್ಚೆಗಳೆಲ್ಲ ನರೆತು ಬೂದಿಯಾಗಿವೆ. ಹೊರೆ ಹೊರುವ ಕಾಲ ಮುಗಿದ ಮೇಲೆ ಕುರಿಗಳ ಕಾವಲಿಗೆ ನಿಂತ. ಕಳೆದ ಚಳಿಗಾಲದಲ್ಲಿ ಮರಿ ಕದಿಯಲು ಬಂದ ನರಿಯನ್ನು ಒದ್ದು ಕಲ್ಲುಗೋಡೆಯಾಚೆ ಎಸೆದ. ಕುರಿಗಳು ಅವನ ಹೊಟ್ಟೆಗೆ ಒತ್ತಿಕೊಂಡು ಮಲಗುತ್ತವೆ. ಆದರೆ ಸಂಜೆ ಅವು ದೊಡ್ಡಿಗೆ ಬರುವಾಗ ಅವನು ಒಳಗೆ ಬರುವುದಿಲ್ಲ. ಬಾಗಿಲಲ್ಲಿ ಮೂಡಣಕ್ಕೆ, ಕಣಿವೆಯ ದಾರಿಗೆ ಮುಖ ಮಾಡಿ ನಿಂತು, ಗಂಟಲಲ್ಲೇ ಹ್ಞೂಂಗುಟ್ಟುತ್ತಾನೆ. ಯಾರೋ ಏನೋ ಹೇಳುತ್ತಿದ್ದಾರೆ, ಇವನು ಕೇಳಿಸಿಕೊಳ್ಳುತ್ತಿದ್ದಾನೆ ಅನ್ನುವ ಹಾಗೆ. ನೀನು ಹೋದಾಗಿನಿಂದ ಒಂದು ಸಂಜೆಯೂ ತಪ್ಪಿಸಿಲ್ಲ. ನಾನು ಆ ಹೊತ್ತಿಗೆ ಒಳಗೆ ಹೋಗಿ ರೇಡಿಯೋ ಜೋರು ಮಾಡುತ್ತೇನೆ.

ಸೇನೆ ಆಳುತ್ತಿದ್ದ ಆ ವರ್ಷ ನೀನು ಲಾಮಾಗಳ ಮೇಲೆ ಉಪ್ಪು ಹೇರಿಕೊಂಡು ಕಣಿವೆಗೆ ಇಳಿದೆ. ಉಪ್ಪಿಗೆ ಬದಲಾಗಿ ಮೆಕ್ಕೆಜೋಳ ತರುವ ಹೊತ್ತಿಗೆ ಲಾಮಾಗಳು ಬಂದವು, ನೀನು ಬರಲಿಲ್ಲ. ಆಲ್ಕಾ ಮುಂದೆ, ಉಳಿದವು ಸಾಲಾಗಿ ಹಿಂದೆ, ಎಲ್ಲದರ ಬೆನ್ನಲ್ಲೂ ಜೋಳದ ಚೀಲ. ದಾರಿಯುದ್ದಕ್ಕೂ ಹೊರೆ ಇಳಿಸುವವರಿಲ್ಲದೆ ಬೆನ್ನು ಹುಣ್ಣಾಗಿ ಉಣ್ಣೆ ಹಗ್ಗಕ್ಕೆ ಅಂಟಿತ್ತು. ಅಮ್ಮ ಬಿಸಿನೀರು ಹಾಕಿ ಒಂದೊಂದೇ ಗಂಟು ಬಿಚ್ಚಿದಳು. ನೀನಾಗಿದ್ದರೆ ಹೊರೆ ಇಳಿಸಿದೊಡನೆ ಹಗ್ಗವನ್ನು ಮಡಿಸಿ, ನಡುವೆ ಎರಡು ಸುತ್ತು ಸುತ್ತಿ, ಆ ಲಾಮಾದ ಕೊರಳಿಗೇ ಹಾರದಂತೆ ಹಾಕುತ್ತಿದ್ದೆ. "ಮದುಮಗನಾ ಅದು? ನೆಲಕ್ಕೆ ಹಾಕೋ!" ಎಂದು ಅಮ್ಮ ಬೈಯುತ್ತಿದ್ದಳು. ಅಂದು ಅವಳೇ ಹಾಗೆ ಮಡಿಸಲು ಹೋದಳು. ಕೈಗೆ ಬರಲಿಲ್ಲ.

ಸೇತುವೆಯ ಹತ್ತಿರ ಸೈನಿಕರು ನಿನ್ನನ್ನು ಲಾರಿಗೆ ಹತ್ತಿಸಿದ್ದನ್ನು ಕಣಿವೆಯ ಹೆಂಗಸೊಬ್ಬಳು ನೋಡಿದ್ದಳು. ಉಪ್ಪು ಕಡಿಯುವವರ ಸಭೆಯಲ್ಲಿ ನೀನು ಎದ್ದು ಮಾತನಾಡಿದ್ದೆ, ಅಷ್ಟೇ. ಅದೇ ಸೈನಿಕರು ನಮ್ಮೂರಿಗೆ ಬಂದಾಗ ಅವರಿಗೆ ಬಿಸಿ ಸಾರು ಬಡಿಸಿದ ಕಾಸಿಮಿರೋ ಈಗ ಊರ ಯಜಮಾನ. ಅವನಿಗೆ ಮರೆತುಹೋಗಿದೆ. ನನಗೆ ಆ ಸಾರಿನಲ್ಲಿ ಯಾರ ಮನೆಯ ಕುರಿ ಇತ್ತೆಂಬುದೂ ನೆನಪಿದೆ.

ಈ ಸೆಪ್ಟೆಂಬರಿನಲ್ಲಿ ರಾಜಧಾನಿಯ ಸರ್ಕಾರಿ ಕಚೇರಿಯಿಂದ ಕನ್ನಡಕದ ಹುಡುಗನೊಬ್ಬ ಬಂದ. ಕಾಣೆಯಾದವರನ್ನೆಲ್ಲ ಸತ್ತವರೆಂದು ಬರೆದು ಮುಗಿಸುತ್ತಾರಂತೆ. ಚೌಕದಲ್ಲಿ ನಿನ್ನ ಹೆಸರಿನ ಕಲ್ಲು ನೆಡುತ್ತಾರಂತೆ. "ಮೂಳೆ ಎಲ್ಲಿದೆಯಪ್ಪ?" ಎಂದೆ. "ಮೇಡಂ, ಅದು ನಮ್ಮ ವಿಭಾಗಕ್ಕೆ ಬರಲ್ಲ" ಎಂದ. ಕರೆದುಕೊಂಡು ಹೋದವರ ಹೆಸರು? ಅದೂ ಬರುವುದಿಲ್ಲ. ಹೆಣ ಕೊಡಲಾರದವರು ಸಾವನ್ನು ಮಾತ್ರ ಮನೆ ಬಾಗಿಲಿಗೆ ತಂದು ಕೊಡುತ್ತಾರೆ! ನಾನು ರುಜು ಹಾಕಲಿಲ್ಲ. ಆಲ್ಕಾ ಅವನ ಕೋಟಿನ ಮೇಲೆ ಉಗಿದ. ಆ ದಿನ ಅವನಿಗೆ ಎರಡು ಹಿಡಿ ಉಪ್ಪು ಹೆಚ್ಚಿಗೆ ನೆಕ್ಕಿಸಿದೆ.

ಅಷ್ಟರಲ್ಲಿ ಆಲಿಕಲ್ಲು ಬಿದ್ದು ಕಿನ್ವಾ ಧಾನ್ಯದ ಸಸಿಗಳೆಲ್ಲ ನೆಲಕ್ಕೆ ಮಲಗಿದವು. ಕಾಸಿಮಿರೋ ಊರವರನ್ನು ಕಟ್ಟಿಕೊಂಡು ಬಂದ. "ಅಕ್ಕಾ, ನಿನ್ನ ಕಾನೂನು ನಿನ್ನ ಹತ್ರ ಇರ್ಲಿ. ಸತ್ತವರ ದಾರಿಗೆ ಕಳಿಸಿಕೊಡದೆ ಇರೋ ಜೀವ ಊರ ಮೇಲೆ ತಿರುಗ್ತಿದೆ, ಆಲಿಕಲ್ಲು ಅದರದೇ. ಅವನ ಬುತ್ತಿ ಹೊರೋಕೆ ಅವನದೇ ಲಾಮಾ ಇದೆ. ಮುಗಿಸಿಬಿಡು" ಎಂದ. ನಾನು ಹಿಂದಿನದನ್ನೆಲ್ಲ ತೆಗೆದೆ, ಸಾರಿನ ಸಮೇತ. ಕಾಸಿಮಿರೋ ತಲೆ ತಗ್ಗಿಸಿದ, ಆದರೆ ಎದ್ದುಹೋಗಲಿಲ್ಲ.

ಆಗ ಮೂಲೆಯಲ್ಲಿ ಕೂತಿದ್ದ ಅಮ್ಮನ ಕೈ ನೋಡಿದೆ. ಅವಳು ಹಗ್ಗ ಹೊಸೆಯುತ್ತಿದ್ದಳು. ಎಡಕ್ಕೆ. ಬದುಕಿರುವವರ ಹೊರೆಗೆ ಬಲಕ್ಕೆ ಹೊಸೆಯುತ್ತೇವೆ, ಸತ್ತವರ ಹೊರೆಗೆ ಎಡಕ್ಕೆ, ನಿನಗೇನು ಹೇಳಬೇಕು. ಎಷ್ಟು ದಿನದಿಂದ ನನಗೆ ಕಾಣದಂತೆ ಹೊಸೆದಿದ್ದಳೋ, ಹಗ್ಗ ಆಗಲೇ ಉದ್ದವಾಗಿತ್ತು. ಸತ್ತವರ ಹಬ್ಬಕ್ಕೆ ನಿನ್ನ ಹೆಸರಲ್ಲಿ ಒಂದು ರೊಟ್ಟಿ ಇಡಲೂ ನಾನು ಇಷ್ಟು ವರ್ಷ ಬಿಟ್ಟಿರಲಿಲ್ಲ, ಇಟ್ಟರೆ ನಿನ್ನನ್ನು ಎಳೆದೊಯ್ದವರು ಗೆದ್ದಂತೆ ಎಂದು. "ಅಮ್ಮಾ, ಒಪ್ಪಿಕೊಂಡುಬಿಟ್ಟೆಯಾ?" ಎಂದೆ. "ಹಟ ನಿಂದು, ಹಸಿವು ಅವನದು ಕಣೇ" ಎಂದಳು. "ಬುತ್ತಿ ಇಲ್ದೆ ಹೋಗಿದಾನೆ ನನ್ನ ಮಗ." ನಾನು ಎದ್ದು ಹಬ್ಬದ ರೊಟ್ಟಿಗೆ ಹಿಟ್ಟು ಅಳೆದಿಟ್ಟೆ.

ಹಬ್ಬದ ಮಾರನೆಯ ಬೆಳಿಗ್ಗೆ ಹೊರೆ ಕಟ್ಟಿದೆವು. ರೊಟ್ಟಿ, ಹುರಿದ ಜೋಳ, ಒಣಗಿಸಿದ ಆಲೂಗಡ್ಡೆ, ಕೋಕಾ ಎಲೆ, ನಿನ್ನ ಕಂದು ಟೊಪ್ಪಿ. ಒಂದು ಉಪ್ಪಿನ ಗಟ್ಟಿ ನಾನೇ ಇಟ್ಟೆ. ಸತ್ತವರ ದಿಕ್ಕಾದ ಪಡುವಣಕ್ಕಿರುವ ಕಲ್ಲುಗುಪ್ಪೆಯ ಹತ್ತಿರ ಆಲ್ಕಾನನ್ನು ಕೊಯ್ದು ನಿನ್ನ ಹಿಂದೆ ಕಳಿಸುವುದೆಂದು ತೀರ್ಮಾನ. ಅವನ ಕಿವಿಗೆ ಅಮ್ಮ ಕೆಂಪು ಕುಚ್ಚು ಕಟ್ಟಿದಳು. ವರ್ಷಗಳಿಂದ ಹೊರೆ ಕಾಣದ ಮುದುಕ, ಏಳಲಾರ ಎಂದುಕೊಂಡೆ. ಎದ್ದ. ಕಾಸಿಮಿರೋ ಪಡುವಣಕ್ಕೆ ಎಳೆದರೆ ಮುಖದ ಹಗ್ಗ ಕೊಡವಿ, ಮೂಡಣಕ್ಕೆ ತಿರುಗಿ, ನಡೆದೇಬಿಟ್ಟ. ಸಾಲಿನ ಮುಂದಿದ್ದಾಗ ಹೇಗೆ ನಡೆಯುತ್ತಿದ್ದನೋ ಹಾಗೇ, ಕತ್ತೆತ್ತಿಕೊಂಡು. "ಹಿಡೀರೋ, ದಾರಿ ತಪ್ಪಿದಾನೆ!" ಎಂದು ಕಾಸಿಮಿರೋ ಕೂಗಿದ. "ಬಿಡ್ರಯ್ಯಾ, ದಾರಿ ಅವನಿಗೆ ಗೊತ್ತು" ಎಂದಳು ಅಮ್ಮ. ಯಾರೂ ಹಿಡಿಯಲಿಲ್ಲ. ಕಣಿವೆಯ ತಿರುವಿನಲ್ಲಿ ಕೆಂಪು ಕುಚ್ಚು ಒಮ್ಮೆ ಕಂಡಿತು, ಆಮೇಲೆ ಇಲ್ಲ. ಅಂದು ಸಂಜೆ ಬರಿದಾದ ದೊಡ್ಡಿಯ ಬಾಗಿಲಲ್ಲಿ ನಾನೇ ನಿಂತಿದ್ದೆ. ರೇಡಿಯೋ ಹಾಕಲಿಲ್ಲ. ಕುರಿಗಳು ಒಳಗೆ ಬರಲು ಒಪ್ಪಲಿಲ್ಲ.

ಇಷ್ಟೇ ಸುದ್ದಿ. ಕಲ್ಲು ನೆಡಲು ನಾನು ಬಿಡುವುದಿಲ್ಲ. ಬೇಕಿದ್ದರೆ ಅದರಲ್ಲಿ ಸೈನಿಕರ ಹೆಸರು ಕೆತ್ತಲಿ. ಅಮ್ಮನ ಆಶೀರ್ವಾದ, ಬೈಗುಳದ ಸಮೇತ. ಬೆಚ್ಚಗಿರು.

ನಿನ್ನ ಅಕ್ಕ,
ನೆಮೇಸಿಯಾ

ಮರೆತ ಮಾತು: ಮರೆತದ್ದಲ್ಲ, ಕೊನೆಗೆಂದು ಉಳಿಸಿಕೊಂಡಿದ್ದೆ. ಇವತ್ತು ಬೆಳಿಗ್ಗೆ ಆಲ್ಕಾ ಬಂದ. ಬೆನ್ನ ಮೇಲೆ ಹೊರೆಯಿಲ್ಲ, ಹುಣ್ಣೂ ಇಲ್ಲ. ಎಡಕ್ಕೆ ಹೊಸೆದ ಹಗ್ಗ ಎಲ್ಲೂ ಹರಿದಿಲ್ಲ. ಯಾರೋ ಅದನ್ನು ಮಡಿಸಿ, ನಡುವೆ ಎರಡು ಸುತ್ತು ಸುತ್ತಿ, ಅವನ ಕೊರಳಿಗೆ ಹಾರದಂತೆ ಹಾಕಿ ಕಳಿಸಿದ್ದಾರೆ. ಅಮ್ಮ ಅದನ್ನು ತಡವಿ ನೋಡಿದಳು, ನೆಲಕ್ಕೆ ಹಾಕು ಎನ್ನಲಿಲ್ಲ. ನೀನು ಬದುಕಿರುವವರ ಕಡೆಯವನೋ ಸತ್ತವರ ಕಡೆಯವನೋ ನನಗೆ ತಿಳಿಯದು, ತಮ್ಮಾ. ಈ ಪತ್ರವನ್ನು ಆಲ್ಕಾನ ಮುಂದಿನ ಹೊರೆಯಲ್ಲಿ ಕಟ್ಟುತ್ತೇನೆ. ಈ ಸಲ ಅವನ ಹಿಂದೆ ನಾನೂ ಬರುತ್ತೇನೆ. ಅಮ್ಮ ಹೊಸ ಹಗ್ಗಕ್ಕೆ ಕೂತಿದ್ದಾಳೆ. ಬಲಕ್ಕೆ ಹೊಸೆಯುತ್ತಿದ್ದಾಳೆ.