ಮಾತ್ರೆ ಬಿಟ್ಟ ಸೊಸೆಗೆ

ಕೃಷ್ಣಮೂರ್ತಿಪುರಂ, ಮೈಸೂರು
9 ಜುಲೈ 2025, ಬುಧವಾರ

ಚಿರಂಜೀವಿ ಸೌಮ್ಯಳಿಗೆ ನಿನ್ನ ಅತ್ತೆಯ ಆಶೀರ್ವಾದ.

ನಾವಿಲ್ಲಿ ಕ್ಷೇಮ. ನೀನೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ರೂಢಿ. ಆದರೆ ನೀನು ಕ್ಷೇಮವಾಗಿಲ್ಲ ಎಂದು ನನಗೆ ಗೊತ್ತು, ಅದಕ್ಕೇ ಈ ಕಾಗದ. ನೀನು ಹುಣಸೂರಿಗೆ ಹೋಗಿ ಎರಡು ವಾರವಾಗುತ್ತ ಬಂತು. ಮೊದಲೇ ಬರೆಯಬೇಕಾಗಿತ್ತು. ಫೋನಿನಲ್ಲಿ ಸಿಗುತ್ತೀಯ ಎಂದು ಕಾದೆ, ನೀನು ಎತ್ತಲಿಲ್ಲ. ಅದಕ್ಕೆ ನನಗೇನೂ ಬೇಸರವಿಲ್ಲ. ಜೀವಮಾನವೆಲ್ಲ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿ ವಿಶಲ್ ಊದಿದವಳು ನಾನು, ಪೆನ್ನು ಹಿಡಿದದ್ದು ಕಡಿಮೆ. ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೊಂಡು ಓದು. ನಿನ್ನ ಮಾವ ನಾಳೆ ಬೆಳಗಿನ ಬಸ್ಸಿಗೆ ಹೊರಟು ಇದನ್ನು ನಿನ್ನ ಕೈಗೇ ಕೊಡುತ್ತಾರೆ. ದಾರಿಯಲ್ಲಿ ಓದುವ ಆಸೆ ಬಾರದಿರಲಿ ಎಂದು ಕವರಿಗೆ ಗೋಂದು ಬಳಿಯುತ್ತೇನೆ.

ಪಕ್ಕದ ಮನೆಯ ಸುಮಾ ನಿನ್ನನ್ನು ಕೇಳಿದರು. ಆಷಾಢ ಅಲ್ಲವೇ, ತವರಿಗೆ ಹೋಗಿದ್ದಾಳೆ ಎಂದೆ. ಮದುವೆಯಾಗಿ ನಾಲ್ಕು ವರ್ಷವಾದ ಮೇಲೂ ಆಷಾಢವೇ ಎಂದರು. ನಮ್ಮ ಮನೆಯಲ್ಲಿ ಹಾಗೇ ಎಂದು ಹೇಳಿ ಗೇಟು ಹಾಕಿಕೊಂಡೆ.

ಇನ್ನು ವಿಷಯಕ್ಕೆ ಬರುತ್ತೇನೆ. ನೀನು ಮನಸ್ಸಿನ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದದ್ದು ನನಗೆ ಹೋದ ವರ್ಷದಿಂದಲೇ ಗೊತ್ತು. ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ರಾಗಿ ಮಾಲ್ಟ್ ಡಬ್ಬಿಯ ಹಿಂದೆ ಇಟ್ಟಿದ್ದೆಯಲ್ಲ, ಧೂಳು ಒರೆಸುವಾಗ ಸಿಕ್ಕಿತು. ಹೆಸರು ಓದಿದೆ. ಹಳೆಯ ಪರಿಚಯದವರನ್ನು ಬಸ್ ಸ್ಟ್ಯಾಂಡಿನಲ್ಲಿ ಕಂಡ ಹಾಗಾಯಿತು. ಇದ್ದಲ್ಲೇ ಇಟ್ಟುಬಿಟ್ಟೆ. ನೀನಾಗಿ ಹೇಳಿದರೆ ಕೇಳೋಣ, ಇಲ್ಲದಿದ್ದರೆ ಬೇಡ ಎಂದುಕೊಂಡೆ. ಅದನ್ನು ತಿನ್ನಲು ಶುರುಮಾಡಿದ ಮೇಲೆ ನೀನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ, ಊಟಕ್ಕೆ ಕೂತರೆ ಊಟ ಮಾಡುತ್ತಿದ್ದೆ. ನನಗೆ ಅಷ್ಟು ಸಾಕಾಗಿತ್ತು.

ಭಾನುವಾರ ನಿಮ್ಮಮ್ಮ ಫೋನ್ ಮಾಡಿದ್ದರು. ನಿನಗೆ ಹೇಳಬೇಡಿ ಎಂದು ಕೇಳಿಕೊಂಡಿದ್ದಾರೆ, ಆದರೂ ಹೇಳುತ್ತಿದ್ದೇನೆ. ನಿನಗೆ ತಲೆ ಸುತ್ತುತ್ತದಂತೆ, ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದ ಹಾಗಾಗುತ್ತದಂತೆ, ಕೆಟ್ಟ ಕನಸು ಬೀಳುತ್ತವಂತೆ, ಸಣ್ಣದಕ್ಕೂ ಅಳುತ್ತೀಯಂತೆ. "ನಂಗೆ ಹುಚ್ಚು ಹಿಡೀತಿದೆ ಕಣಮ್ಮ ಅಂತಾಳೆ," ಎಂದು ಅವರೂ ಅತ್ತರು.

ಸೌಮ್ಯ, ಆ ಕರೆಂಟು ನನಗೆ ಗೊತ್ತು. ನಿನಗೆ ಹುಚ್ಚು ಹಿಡಿಯುತ್ತಿಲ್ಲ. ಮಾತ್ರೆಯನ್ನು ಒಂದೇ ಸಲಕ್ಕೆ ನಿಲ್ಲಿಸಿದ್ದೀಯ, ಅದರ ಪ್ರತಾಪ ಅದು. ನಾನೂ ಹಾಗೇ ಮಾಡಿದವಳು. ಏನಾಯಿತು ಎಂದು ಹೇಳುತ್ತೇನೆ, ಕೇಳು.

ನನಗೆ ಆಗ ಐವತ್ತು. ಮನೆಯಲ್ಲಿ ಸಾವಿಲ್ಲ, ಸಾಲವಿಲ್ಲ, ಜಗಳವಿಲ್ಲ. ಆಮೇಲೆ ಎಲ್ಲರೂ ಕಾರಣ ಕೇಳಿದರು, ಕೊಡಲು ನನ್ನ ಹತ್ತಿರ ಒಂದೂ ಇರಲಿಲ್ಲ. ಆ ವರ್ಷ ನಮ್ಮ ಹುಡುಗಿಯರು ಜಿಲ್ಲಾ ಮಟ್ಟದ ರಿಲೇ ಗೆದ್ದರು. ಓಡಿ ಬಂದು ನನ್ನನ್ನು ತಬ್ಬಿಕೊಂಡು ಕುಣಿದರು. ನನಗೆ ಏನೂ ಅನ್ನಿಸಲಿಲ್ಲ. ಬೇರೆ ಯಾವುದೋ ಸ್ಕೂಲು ಗೆದ್ದ ಸುದ್ದಿ ಪೇಪರಿನಲ್ಲಿ ಓದಿದ ಹಾಗಿತ್ತು. ಅಲ್ಲಿಂದ ಮುಂದೆ ಒಂದೊಂದೇ ಬಿಟ್ಟುಹೋಯಿತು. ಸ್ನಾನ ಮಾಡುವುದು ಬೆಟ್ಟದ ಮೆಟ್ಟಿಲು ಹತ್ತಿದಷ್ಟು ಕಷ್ಟ. ಅಸೆಂಬ್ಲಿಯಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರೆ ವಿಶಲ್ ಬಾಯಲ್ಲಿಟ್ಟುಕೊಂಡು ಸುಮ್ಮನೆ ನಿಲ್ಲುತ್ತಿದ್ದೆ, ಊದಲು ಉಸಿರು ಬರುತ್ತಿರಲಿಲ್ಲ. ನಿನ್ನ ಮಾವ ವಯಸ್ಸಿನ ತೊಂದರೆ ಎಂದರು, ಟಾನಿಕ್ ತಂದರು. ನಂಜನಗೂಡಿಗೆ ಕರೆದುಕೊಂಡು ಹೋದರು. ಪಾಪ, ಅವರಿಗೆ ತಿಳಿದದ್ದನ್ನೆಲ್ಲ ಮಾಡಿದರು.

ನನ್ನನ್ನು ಹಿಡಿದೆತ್ತಿದವರು ಪುಷ್ಪಮೇರಿ, ನಮ್ಮ ಸ್ಕೂಲಿನ ಗಣಿತದ ಟೀಚರು. ನಿನ್ನ ಮದುವೆಯಲ್ಲಿ ಹಸಿರು ರೇಷ್ಮೆ ಸೀರೆಯುಟ್ಟು ಎಲ್ಲರನ್ನೂ ಊಟಕ್ಕೆ ಎಬ್ಬಿಸುತ್ತಿದ್ದರಲ್ಲ, ಅವರೇ. ಒಂದು ದಿನ ಸ್ಟಾಫ್ ರೂಮಿನಲ್ಲಿ ಪಕ್ಕಕ್ಕೆ ಬಂದು ಕೂತು, "ಸಿದ್ದಲಿಂಗಮ್ಮನೋರೇ, ನಿಮಗೆ ಆಗಿರೋದು ನಂಗೂ ಆಗಿತ್ತು. ನಾಳೆ ಮಧ್ಯಾಹ್ನ ನಂಗೆ ಪೀರಿಯಡ್ ಇಲ್ಲ. ನಡೀರಿ ನನ್ ಜೊತೆ," ಎಂದರು. ಎಲ್ಲಿಗೆ ಎಂದೂ ಕೇಳದೆ ಮಾರನೆಯ ದಿನ ಅವರ ಹಿಂದೆ ಹೊರಟೆ. ಕೇಳುವ ಶಕ್ತಿಯೂ ಇರಲಿಲ್ಲ.

ಅವರು ಕರೆದುಕೊಂಡು ಹೋದ ಡಾಕ್ಟರಮ್ಮ ಹೆಚ್ಚು ಮಾತಿನವರಲ್ಲ. ಕೇಳಿಸಿಕೊಂಡರು, ಮಾತ್ರೆ ಬರೆದರು, ಗುಣ ಕಾಣಲು ವಾರಗಳೇ ಬೇಕು, ಅಲ್ಲಿಯವರೆಗೆ ತಮ್ಮನ್ನು ಬೈದುಕೊಂಡಾದರೂ ನುಂಗಿ ಎಂದರು. ನುಂಗಿದೆ. ಮೊದಲು ಬಂದದ್ದು ವಾಕರಿಕೆ, ಬಾಯಿ ಒಣಗುವುದು, ಬಿಟ್ಟೂಬಿಡದೆ ಆಕಳಿಕೆ. ಬೈದುಕೊಂಡೆ. ಆಮೇಲೆ ಒಂದು ಬೆಳಿಗ್ಗೆ ಯಾರದೋ ಮನೆಯಿಂದ ಇಂಗಿನ ಒಗ್ಗರಣೆ ವಾಸನೆ ಬಂತು. ನನಗೆ ಹಸಿವಾಯಿತು. ಎಷ್ಟೋ ತಿಂಗಳ ಮೇಲೆ ಆದ ಹಸಿವು ಅದು. ಎರಡು ದೋಸೆ ತಿಂದು ಮೂರನೆಯದು ಕೇಳಿದೆ. ನಿನ್ನ ಮಾವ ಕಾವಲಿ ಬಿಟ್ಟು ಬಂದು ನನ್ನ ಮುಖ ನೋಡಿದರು.

ಮಾತ್ರೆಯಿಂದ ಎಲ್ಲ ಒಳ್ಳೆಯದೇ ಆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಳು ಬರುತ್ತಿರಲಿಲ್ಲ. ಅದೇ ವರ್ಷ ನನ್ನ ಅಣ್ಣ ತೀರಿಕೊಂಡ. ಎಲ್ಲರೂ ಅಳುತ್ತಿದ್ದರೆ ನಾನು ಬಂದವರಿಗೆ ಕುರ್ಚಿ ಹಾಕಿಸುತ್ತಿದ್ದೆ. ದುಃಖ ಒಳಗೆ ಇತ್ತು, ಹೊರಗೆ ಬರುವ ದಾರಿ ಇರಲಿಲ್ಲ. ಗಂಡ ಹೆಂಡಿರ ವಿಷಯದಲ್ಲೂ ಮೈ ಮಂಕಾಗುತ್ತದೆ. ಅತ್ತೆಯಾಗಿ ನಾನು ಇದಕ್ಕಿಂತ ಬಿಡಿಸಿ ಬರೆಯಲಾರೆ. ನಿನಗೂ ಹಾಗಿದ್ದರೆ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳು, ಅವರಿಗೆ ಅದು ಹೊಸದಲ್ಲ.

ವರ್ಷ ಕಳೆದ ಮೇಲೆ ನಾನು ಮೊದಲಿನ ಸಿದ್ದಲಿಂಗಮ್ಮನೇ ಆದೆ. ಗಟ್ಟಿಯಾಗಿ ಬೈಯುತ್ತಿದ್ದೆ, ಗಟ್ಟಿಯಾಗಿ ನಗುತ್ತಿದ್ದೆ. ಇಷ್ಟು ಚೆನ್ನಾಗಿರುವವಳಿಗೆ ಮಾತ್ರೆ ಯಾಕೆ, ಹುಡುಗಿಯರಿಗೆ ಮೈ ಗಟ್ಟಿ ಮಾಡಿಕೊಳ್ಳಿ ಎಂದು ಹೇಳುವವಳು ಕದ್ದು ಮಾತ್ರೆ ನುಂಗುವುದೇ ಎಂದು ಹಟ ಬಂತು. ಯಾರನ್ನೂ ಕೇಳದೆ ನಿಲ್ಲಿಸಿಬಿಟ್ಟೆ. ಒಂದೆರಡು ದಿನ ಏನೂ ಇಲ್ಲ, ಗೆದ್ದೆ ಎಂದುಕೊಂಡೆ. ಆಮೇಲೆ ಶುರುವಾಯಿತು. ನೀನು ನಿಮ್ಮಮ್ಮನಿಗೆ ಹೇಳಿದೆಯಲ್ಲ, ಅದೇ ಕರೆಂಟು. ಥ್ರೋಬಾಲ್ ಆಡಿಸುವಾಗ ಚೆಂಡು ಎಡಕ್ಕೆ ಹೋಯಿತು, ಕಣ್ಣು ಹೊರಳಿಸಿದೆ, ತಲೆಯೊಳಗೆ ಝುಂ ಎಂದಿತು. ಎಲ್ಲ ಮಕ್ಕಳ ಎದುರಿಗೆ ಮೊಣಕಾಲೂರಿ ಕೂತುಬಿಟ್ಟೆ. ಮನೆಯಲ್ಲಿ ಚಪಾತಿ ದಪ್ಪವಾಯಿತೆಂದು ಅತ್ತುಬಿಟ್ಟೆ. ಹಾಲು ಹಾಕುವವನ ಮೇಲೆ ಕೂಗಾಡಿದೆ. ಕಾಯಿಲೆ ಪೂರ್ತಿ ವಾಪಸ್ ಬಂತು, ಇನ್ನು ನನ್ನ ಕಥೆ ಮುಗಿಯಿತು ಎಂದೇ ನಂಬಿದೆ.

ನಿನ್ನ ಮಾವ ಜೀವಮಾನವೆಲ್ಲ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿ ದುಡಿದವರಲ್ಲವೇ. ಕರೆಂಟು ಎಂದದ್ದೇ ಹೆದರಿದರು. "ಚಟ ಹತ್ತಿಸ್ಬುಟ್ರು ಕಣೇ ಆ ಡಾಕ್ಟ್ರು," ಎಂದು ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಜಗಳಕ್ಕೇ ಹೊರಟರು. ಡಾಕ್ಟರಮ್ಮ ಅವರ ಮಾತೆಲ್ಲ ಮುಗಿಯುವವರೆಗೆ ಕಾದು ನನ್ನನ್ನು ಕೇಳಿದರು: "ಚಟ ಆದ್ರೆ ಇನ್ನೂ ಬೇಕು, ಇನ್ನೂ ಬೇಕು ಅನ್ಸುತ್ತೆ. ನಿಮಗೆ ಹಾಗನ್ನಿಸ್ತಾ?" ಇಲ್ಲ ಎಂದೆ. "ನಿಮ್ಮ ಮೈ ಅದಕ್ಕೆ ಒಗ್ಗಿತ್ತು. ನೀವು ಹೇಳದೆ ಕೇಳದೆ ಕಿತ್ತುಕೊಂಡ್ರಿ. ಬಿಡಬಹುದು, ಹೀಗಲ್ಲ, ಅಷ್ಟೇ." ಓಡಿ ಗೆರೆ ದಾಟಿದ ಹುಡುಗಿಯರಿಗೆ, ತಕ್ಷಣ ನಿಲ್ಲಬೇಡ್ರೇ, ನಿಧಾನ ಮಾಡಿಕೊಂಡು ನಿಲ್ಲಿ ಎಂದು ದಿನಾ ಕೂಗುತ್ತಿದ್ದವಳು ನಾನು. ನನಗೇ ಅದು ಹೊಳೆದಿರಲಿಲ್ಲ.

ಮತ್ತೆ ಶುರುಮಾಡಿಸಿದರು. ಕೆಲವೇ ದಿನದಲ್ಲಿ ಕರೆಂಟು ನಿಂತಿತು. ಸುಮಾರು ಕಾಲ ಹಾಗೇ ಬಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಿದರು. ಮುಕ್ಕಾಲು, ಅರ್ಧ, ಕಾಲು. ನಡುವೆ ಒಂದು ಸಲ ನನಗೆ ತಡೆಯಲಾಗಲಿಲ್ಲ, ಮತ್ತೆ ಒಂದು ಮೆಟ್ಟಿಲು ಮೇಲಕ್ಕೆ ಹತ್ತಿಸಿ ನಿಲ್ಲಿಸಿದರು. ಅದರಲ್ಲಿ ನಾಚಿಕೆ ಏನಿಲ್ಲ ಎಂದರು. ಡಾಕ್ಟರು ಹೇಳಿದ ಅಳತೆಗೆ ಮಾತ್ರೆ ಕತ್ತರಿಸುವ ಕೆಲಸ ನಿನ್ನ ಮಾವನದು. ಊಟದ ಮೇಜಿನ ಮೇಲೆ ಪೇಪರು ಹಾಸಿಕೊಂಡು, ಕನ್ನಡಕ ಏರಿಸಿಕೊಂಡು, ಬ್ಲೇಡಿನಲ್ಲಿ ಕೊಯ್ಯುತ್ತಿದ್ದರು. ಜಗಳಕ್ಕೆ ಹೋಗಿದ್ದ ಮನುಷ್ಯ ಆಮೇಲೆ ನಾನು ಒಂದು ಹೊತ್ತು ಮರೆತರೂ ಬಿಡುತ್ತಿರಲಿಲ್ಲ. ಪೂರ್ತಿ ಬಿಡಲು ವರ್ಷಕ್ಕಿಂತ ಹೆಚ್ಚೇ ಹಿಡಿಯಿತು. ಬಿಟ್ಟ ಮೇಲೆ ಒಂದು ದಿನ ಅಣ್ಣನ ಫೋಟೋ ಒರೆಸುತ್ತಿದ್ದಾಗ ಅಳು ಬಂತು. ಬೇಡ ಬೇಡವೆನ್ನುವಷ್ಟು ಅತ್ತೆ. ನಿನ್ನ ಮಾವ ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಲೇ ಎಂದರು. ಬೇಡ, ಇದು ನನ್ನದೇ ಅಳು ಎಂದೆ.

ಈಗ ಹತ್ತು ವರ್ಷದಿಂದ ಮಾತ್ರೆ ಇಲ್ಲದೆ ಇದ್ದೇನೆ. ನೀನೂ ಹಾಗೇ ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಪುಷ್ಪಮೇರಿ ಇವತ್ತಿಗೂ ತೆಗೆದುಕೊಳ್ಳುತ್ತಾರೆ. ಇಗರ್ಜಿಯಲ್ಲಿ ಹಾಡುತ್ತಾರೆ, ಮೊಮ್ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿ ಅಳಿಸುತ್ತಾರೆ. ಬಿಟ್ಟವರಿಗೆ ಮೆಡಲ್ಲಿಲ್ಲ, ತೆಗೆದುಕೊಳ್ಳುವವರಿಗೆ ಅವಮಾನವಿಲ್ಲ. ನನಗೆ ನಾಳೆ ಮತ್ತೆ ಬೇಕಾದರೆ ನಾಳೆಯೇ ನುಂಗುತ್ತೇನೆ.

ಇನ್ನು ನನ್ನ ಮಗರಾಯ ಬೀರೇಶನ ವಿಷಯ. ಮೊನ್ನೆ ಪ್ರೆಸ್ಸಿನಿಂದ ಬಂದವನು ಊಟಕ್ಕೆ ಕೂರದೆ ಅಡುಗೆಮನೆ ಬಾಗಿಲಲ್ಲಿ ನಿಂತ. ಮಗು ಬೇಕು ಅಂದರೆ ಮಾತ್ರೆ ನಿಲ್ಲಿಸಬೇಕಲ್ಲವಾ ಎಂದು ನಿನ್ನನ್ನು ಕೇಳಿದನಂತೆ. ಮಾರನೆಯ ದಿನವೇ ನೀನು ಸ್ಟ್ರಿಪ್ ಕಸದ ಬುಟ್ಟಿಗೆ ಹಾಕಿದೆಯಂತೆ. "ನಾನು ಕೇಳಿದ್ದೇ ತಪ್ಪಾಯ್ತಾ ಅಮ್ಮ?" ಎಂದ. "ಮಗು ಬೇಕು ಅಂದಿದ್ದು ತಪ್ಪಲ್ಲ ಕಣೋ. ಡಾಕ್ಟರನ್ನ ಕೇಳೋ ಪ್ರಶ್ನೆನ ಅವಳನ್ನ ಕೇಳ್ದೆ," ಎಂದೆ. ಕಣ್ಣಲ್ಲಿ ನೀರು ತಂದುಕೊಂಡ. ಅವನಿಗೆ ನಿನ್ನ ಮೇಲೆ ಒಂದಿಷ್ಟೂ ಕೋಪವಿಲ್ಲ, ನಿನ್ನ ಎದುರಿಗೆ ಬರಲು ಹೆದರಿಕೆ ಇದೆ ಅಷ್ಟೇ. ಬಸುರಿಯಾಗಬೇಕು ಎಂದಿರುವವರು ಮಾತ್ರೆಯ ವಿಷಯದಲ್ಲಿ ಏನು ಮಾಡಬೇಕು ಎಂಬುದಕ್ಕೂ ಡಾಕ್ಟರ ಹತ್ತಿರ ದಾರಿಗಳಿವೆ. ಅವರವರಿಗೆ ಬೇರೆ ಬೇರೆ. ನಿನ್ನದು ಯಾವುದೋ ಅವರೇ ಹೇಳಲಿ. ನಾನಲ್ಲ, ಬೀರೇಶನಲ್ಲ, ಫೋನಿನಲ್ಲಿ ಬರುವ ವಿಡಿಯೋಗಳೂ ಅಲ್ಲ. ಶನಿವಾರ ಮಧ್ಯಾಹ್ನಕ್ಕೆ ನಿನ್ನ ಡಾಕ್ಟರ ಹತ್ತಿರ ಅವನು ಸಮಯ ಕೇಳಿ ಇಟ್ಟಿದ್ದಾನೆ. ಅಷ್ಟರೊಳಗೆ ತೀರ ಕಷ್ಟವಾದರೆ ಅವರಿಗೆ ಫೋನ್ ಮಾಡು, ಕಾಯಬೇಡ. ಮನಸ್ಸಿಗೆ ಏನಾದರೂ ಕೆಟ್ಟ ಯೋಚನೆ ಬಂದರೆ ನಿಮ್ಮಮ್ಮನ ಪಕ್ಕದಿಂದ ಏಳಬೇಡ, ನನಗೆ ಯಾವ ಹೊತ್ತಿಗಾದರೂ ಫೋನ್ ಮಾಡು.

ಹೊರಡುವ ಹಿಂದಿನ ದಿನ ನೀನು ಕುಕ್ಕರಿನ ವಿಷಯಕ್ಕೆ ನನ್ನ ಮೇಲೆ ಕೂಗಿದೆ, ಆಮೇಲೆ ಅಡುಗೆಮನೆಯ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡೆ. ಅದಕ್ಕೇ ಅಲ್ಲವೇ ಬ್ಯಾಗು ತುಂಬಿಕೊಂಡು ಹೋದದ್ದು? ಅತ್ತೆಯ ಮೇಲೆ ಒಂದು ಸಲವೂ ಕೂಗದ ಸೊಸೆಯನ್ನು ನಾನು ನಂಬುವುದಿಲ್ಲ. ಅದನ್ನು ಅಲ್ಲಿಗೇ ಬಿಡು.

ನಾಳೆ ನಿನ್ನ ಮಾವನ ಜೊತೆಯಲ್ಲೇ ಬಂದರೂ ಸರಿ, ಶುಕ್ರವಾರ ಬಂದರೂ ಸರಿ. ಇನ್ನೂ ಸ್ವಲ್ಪ ದಿನ ತವರಿನಲ್ಲೇ ಇರಬೇಕೆನಿಸಿದರೆ ಇರು, ಶನಿವಾರ ನೇರ ಡಾಕ್ಟರ ಹತ್ತಿರ ಬಾ, ನಾನು ಅಲ್ಲಿಗೇ ಬಂದಿರುತ್ತೇನೆ. ನಿಮ್ಮಪ್ಪ ಅಮ್ಮನಿಗೆ ನನ್ನ ನಮಸ್ಕಾರ. ಮೈ ಮನಸ್ಸು ಎರಡೂ ಗಟ್ಟಿಯಾಗಲಿ, ನೂರು ವರ್ಷ ನಗುತ್ತಾ ಬಾಳು ತಾಯಿ.

ಇತಿ ನಿನ್ನ ಅತ್ತೆ,
ಸಿದ್ದಲಿಂಗಮ್ಮ

ತಾ.ಕ.: ಗೋಂದು ಹಚ್ಚುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಐವತ್ತರಲ್ಲಿ ಬಂದದ್ದು ಮೊದಲನೆಯ ಸಲವಲ್ಲ. ಬೀರೇಶ ಹುಟ್ಟಿದಾಗ, ಟಿ. ನರಸೀಪುರದ ತವರಿನಲ್ಲಿ, ಒಂದು ಬಾಣಂತನ ಪೂರ್ತಿ ನಾನು ಅವನನ್ನು ಎತ್ತಿಕೊಳ್ಳಲಿಲ್ಲ. ಅವನು ಅತ್ತರೆ ಪಕ್ಕದ ಮನೆಯ ಮಗು ಅತ್ತ ಹಾಗೆ ಕೇಳುತ್ತಿತ್ತು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿದರು. ಹಾಲು ಕುಡಿಸಿದ್ದು, ಎತ್ತಿ ಆಡಿಸಿದ್ದು ನನ್ನ ಅಕ್ಕ ತಿಮ್ಮಮ್ಮ, ಅವಳಿಗೂ ಆಗ ಎಳೆಕೂಸಿತ್ತು. ಇವತ್ತಿಗೂ ಯಾವ ಮದುವೆ ಮುಂಜಿಗೆ ಹೋದರೂ, "ಬೀರೇಶನ ತಾಯಿ ನಾನೇ, ಇವಳು ಬರೀ ಹೆತ್ತೋಳು," ಎಂದು ಅವಳು ನಗಿಸುತ್ತಾಳೆ. ನಾನೂ ನಗುತ್ತೇನೆ. ಅದು ಕಾಯಿಲೆಯಾಗಿತ್ತು, ಅದಕ್ಕೆ ಹೆಸರಿದೆ, ಔಷಧಿಯಿದೆ ಎಂದು ಆ ಡಾಕ್ಟರಮ್ಮ ಹೇಳುವ ಹೊತ್ತಿಗೆ ನನ್ನ ಮಗನಿಗೆ ಮೀಸೆ ಬಂದಿತ್ತು. ದೊಡ್ಡಮ್ಮನ ತಮಾಷೆ ಅವನಿಗೆ ಗೊತ್ತು, ಅದರ ಹಿಂದಿನ ಕಾಯಿಲೆ ಗೊತ್ತಿಲ್ಲ. ನಿನಗೆ ಹೇಳಿದ್ದೇನೆ. ಮುಂದೆ ನಿನಗೊಂದು ಮಗುವಾಗಿ, ಎತ್ತಿಕೊಳ್ಳಲು ಕೈ ಬಾರದಿದ್ದರೆ ಯಾರ ಹತ್ತಿರವೂ ಮುಚ್ಚಿಡಬೇಡ. ಕೂಸನ್ನು ನನ್ನ ಮಡಿಲಿಗೆ ಹಾಕಿ ನೀನು ಡಾಕ್ಟರ ಹತ್ತಿರ ಹೋಗು. ನೀನು ಬಂದು ಕೇಳುವವರೆಗೆ ನಾನು ಎತ್ತಿಕೊಂಡಿರುತ್ತೇನೆ. ಕೇಳಿದ ದಿನ ನಿನ್ನ ಕೈಗೇ ಕೊಡುತ್ತೇನೆ, ನಾನೇ ತಾಯಿ ಎಂದು ಯಾರ ಎದುರಿಗೂ ಹೇಳುವುದಿಲ್ಲ.