ವಿಳಾಸ ತಿಳಿಸಬೇಕಾದವನು

೨೦೧೬ ಏಪ್ರಿಲ್ ೧೨, ಮಂಗಳವಾರ

ಮಗಳು ಅನು ಶಾಲೆಗೆ ಹೋದಳು. ದೋಸೆಗೆ ಅಕ್ಕಿ ನೆನೆಹಾಕಿ ಟ್ರೇನ್ ಹಿಡಿದೆ. ಏಜೆನ್ಸಿ ಹೇಳಿದ್ದು ಇಷ್ಟೇ: ಒಸಾಕಾ ಪ್ರಿಫೆಕ್ಚರ್ ಕಚೇರಿ, ಅಂದರೆ ಪ್ರಾಂತ್ಯ ಸರ್ಕಾರದ್ದು, ಕನ್ನಡ ದುಭಾಷಿ ಬೇಕು. ಆಸ್ಪತ್ರೆಯ ವಿಷಯ ಇರಬಹುದೆಂದುಕೊಂಡಿದ್ದೆ. ಅಲ್ಲ.

ಬಾಲಸುಬ್ರಹ್ಮಣ್ಯ. ಮೈಸೂರಿನವರು, ಐವತ್ತರ ಹತ್ತಿರ. ಇಸ್ತ್ರಿ ಮಾಡಿದ ಷರ್ಟ್. ಮನೆಪಾಠಕ್ಕೆ ಬರುತ್ತಿದ್ದ ಹನ್ನೊಂದು ವರ್ಷದ ಹುಡುಗಿ... ಅದಕ್ಕೇ ಜೈಲು. ಹೆಂಡತಿ ಜಪಾನಿನವಳಾದ್ದರಿಂದ ಲಾಯರ್ ಹೋರಾಡಿ ವೀಸಾ ಉಳಿಸಿದರಂತೆ. ಹೆಂಡತಿ ಉಳಿಯಲಿಲ್ಲ, ಬಿಟ್ಟುಹೋದಳು.

ಈ ಪ್ರಾಂತ್ಯದ ನಿಯಮ: ಮಕ್ಕಳ ಮೇಲೆ ಇಂಥ ಅಪರಾಧ ಮಾಡಿದವರು ಬಿಡುಗಡೆಯಾಗಿ ಐದು ವರ್ಷದವರೆಗೆ ತಮ್ಮ ವಿಳಾಸವನ್ನು ಪ್ರಿಫೆಕ್ಚರ್‌ಗೆ ತಿಳಿಸಬೇಕು. ಮನೆ ಬದಲಿಸಿದರೂ ತಿಳಿಸಬೇಕು. ಜೊತೆಗೆ ಕೌನ್ಸೆಲಿಂಗ್ ಕೊಡುತ್ತಾರೆ. ಇವರಿಗೆ ಜಪಾನಿ ಬರುತ್ತದೆ. ಮನಸ್ಸಿನ ಮಾತು ಸ್ವಂತ ಭಾಷೆಯಲ್ಲಿ ಬರಲಿ ಎಂದು ಕೌನ್ಸೆಲರ್ ಮೊರಿತಾ-ಸಾನ್ ನನ್ನನ್ನು ಕರೆಸಿದ್ದು.

ಅಕ್ಕಪಕ್ಕದವರಿಗೆ ಗೊತ್ತಾಗುತ್ತದೆಯೇ ಎಂದು ಬಾಲಸುಬ್ರಹ್ಮಣ್ಯ ಎರಡು ಸಲ ಕೇಳಿದರು. ಇಲ್ಲ, ಗುಟ್ಟಾಗಿರುತ್ತದೆ ಎಂದರು ಮೊರಿತಾ-ಸಾನ್. ಎರಡು ಸಲವೂ ಅನುವಾದಿಸಿದೆ. ಗುಟ್ಟು ಕಾಯುತ್ತೇನೆಂದು ನಾನೂ ಸಹಿ ಹಾಕಿದ್ದೇನೆ.

ಏಪ್ರಿಲ್ ೨೬

ಎರಡನೇ ಭೇಟಿ. ದುಭಾಷಿ ‘ಅವರು ಹೇಳುತ್ತಿದ್ದಾರೆ’ ಎನ್ನುವಂತಿಲ್ಲ, ‘ನಾನು’ ಎಂದೇ ಹೇಳಬೇಕು. ನಾನು ಆ ಮಗುವಿಗೆ ಚಾಕಲೇಟ್ ಕೊಡುತ್ತಿದ್ದೆ. ನಾನು ಅವಳ ಅಮ್ಮನ ನಂಬಿಕೆ ಗಳಿಸಿದೆ. ಒಂದು ಗಂಟೆ ಹೀಗೇ. ಹೊರಬಂದು ಮೂಲೆಯ ಕೊಂಬಿನಿ ಅಂಗಡಿಯಲ್ಲಿ ನೀರಿನ ಬಾಟಲಿ ಕೊಂಡು ಪೂರ್ತಿ ಕುಡಿದೆ.

ಮೇ ೧೫, ಭಾನುವಾರ

ಗೆಳತಿ ಸಿಂಧೂರಾ ಮಕ್ಕಳಿಗೆ ನಡೆಸುವ ಕನ್ನಡ ಕ್ಲಾಸ್. ಕಮ್ಯುನಿಟಿ ಸೆಂಟರ್‌ನ ಎರಡನೇ ಮಹಡಿ, ಒಂಬತ್ತು ಮಕ್ಕಳು, ನಮ್ಮ ಅನು ಮತ್ತು ಸಿಂಧೂರಾಳ ಮಗಳು ನಿಧಿ ಸೇರಿ. ಪುಳಿಯೋಗರೆ ಡಬ್ಬಿ ಹಿಡಿದು ಹೋದೆ. ಹೊಸ ಮೇಷ್ಟ್ರು ಸಿಕ್ಕಿದ್ದಾರೆ ಎಂದು ಸಿಂಧೂರಾಗೆ ಖುಷಿ. ಇಂಡಿಯನ್ ಅಂಗಡಿಯಲ್ಲಿ ಹಚ್ಚಿದ್ದ ನೋಟಿಸ್ ನೋಡಿ ಅವರೇ ಫೋನ್ ಮಾಡಿದರಂತೆ.

ಬೋರ್ಡ್ ಮುಂದೆ ಬಾಲಸುಬ್ರಹ್ಮಣ್ಯ. ಅದೇ ಷರ್ಟ್. ನನ್ನನ್ನು ನೋಡಿ ಸಣ್ಣಗೆ ತಲೆಬಾಗಿದರು, ಇಲ್ಲಿಯವರ ಹಾಗೆ. ಮತ್ತೆ ‘ಕಾಗುಣಿತ’ ಎಂದು ಬರೆದರು. ಮಕ್ಕಳು ನಗುತ್ತಿದ್ದರು.

ಸಿಂಧೂರಾಳ ಪಕ್ಕ ಕೂತು ಪುಳಿಯೋಗರೆ ತಿಂದೆ.

ಮೇ ೧೬

ಮೊರಿತಾ-ಸಾನ್‌ಗೆ ಫೋನ್. ಕ್ಲಾಸಿನ ವಿಷಯ ಹೇಳಿದೆ. ಮುಂದಿನ ಭೇಟಿಯಲ್ಲಿ ಈ ವಿಷಯ ಎತ್ತುತ್ತಾರಂತೆ. ತಾವು ಹೊರಗೆ ಯಾರಿಗೂ ಹೇಳುವಂತಿಲ್ಲ, ನಾನೂ ಹೇಳುವಂತಿಲ್ಲ. ಮುಂದಿನ ಭೇಟಿಗೆ ಮುಂಚೆ ಒಂದು ಭಾನುವಾರ ಇದೆಯಲ್ಲ ಎಂದೆ. ಸುಮಿಮಾಸೆನ್, ಕ್ಷಮಿಸಿ, ಎಂದರು.

ಮೇ ೧೮

ಈ ಭಾನುವಾರ ಕ್ಲಾಸ್ ಬೇಡ ಅಂದೆ ಅನುಗೆ. ‘ಬಟ್ ವೈ? ಬಾಲು ಸರ್ ಈಸ್ ಫನ್ನಿ.’ ಈಜಲು ಕರೆದುಕೊಂಡು ಹೋಗುತ್ತೇನೆ ಎಂದಾಗ ಒಪ್ಪಿದಳು.

ನನ್ನ ಮಗಳ ಸಮಸ್ಯೆ ಮುಗಿಯಿತು. ಎಷ್ಟು ಸುಲಭ...

ಮೇ ೨೧, ಶನಿವಾರ

ಬಾಲಸುಬ್ರಹ್ಮಣ್ಯರ ನಂಬರ್ ಕ್ಲಾಸಿನ ಗ್ರೂಪ್‌ನಲ್ಲೇ ಇತ್ತು. ಸ್ಟೇಷನ್ ಪಕ್ಕದ ಕಾಫಿ ಅಂಗಡಿಗೆ ಬರಹೇಳಿದೆ. ಬಂದರು. ನಾಳೆಯಿಂದ ಕ್ಲಾಸಿಗೆ ಬರಬೇಡಿ, ಕಾರಣ ನೀವೇ ಏನಾದರೂ ಹೇಳಿಕೊಳ್ಳಿ ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. ಶಿಕ್ಷೆ ಮುಗಿಸಿದ್ದೇನೆ, ವಿಳಾಸ ಕೊಟ್ಟಿದ್ದೇನೆ, ಕರೆದಾಗೆಲ್ಲ ಹೋಗುತ್ತಿದ್ದೇನೆ ಎಂದರು. ಕನ್ನಡ ಮಾತಾಡಲು ತಮಗೆ ಈ ಊರಲ್ಲಿ ಬೇರೆ ಯಾರಿದ್ದಾರೆ ಎಂದು ಕೇಳಿದರು. ದೊಡ್ಡವರ ಜೊತೆ ಮಾತಾಡಿ ಎಂದೆ.

‘ನೀವು ಬಾಯಿ ಬಿಟ್ರೆ ನಿಮ್ಮ ಕೆಲಸ ಹೋಗುತ್ತಲ್ವಾ, ಮೇಡಂ?’

ಕಾಳಜಿಯಿಂದ ಕೇಳಿದ ಹಾಗೇ ಇತ್ತು. ಇವರ ಒಂದೊಂದು ದನಿಯನ್ನೂ ಅನುವಾದಿಸಿದವಳು ನಾನು. ಇದು ಯಾವುದೆಂದು ತಿಳಿಯಲಿಲ್ಲ.

ಮೇ ೨೨, ಭಾನುವಾರ

ಅನುವನ್ನು ಅವಳಪ್ಪನ ಜೊತೆ ಈಜಲು ಕಳಿಸಿ ಸೆಂಟರ್‌ಗೆ ಹೋದೆ. ಬಂದಿದ್ದರು. ಸಿಂಧೂರಾ ಕಾರಿಡಾರ್‌ನಲ್ಲಿ ಚಪ್ಪಲಿ ಜೋಡಿಸುತ್ತಿದ್ದಳು. ಕ್ಲಾಸ್ ಆದಮೇಲೆ ನಿಧಿಗೆ ಅರ್ಧ ಗಂಟೆ ಬೇರೆಯಾಗಿ ಓದಿಸುತ್ತೇನೆ ಅಂದಿದ್ದಾರೆ ಎಂದಳು. ಆ ಹೊತ್ತಿಗೆ ತಾನು ಸಾಮಾನು ತಂದುಬಿಡಬಹುದಂತೆ.

ಹೇಳಿದೆ. ಎಲ್ಲ. ಎಲ್ಲಿ, ಹೇಗೆ ಗೊತ್ತಾಯಿತು ಅನ್ನುವುದೂ ಸೇರಿ.

ಅವಳ ಕೈಯಲ್ಲಿ ಯಾವುದೋ ಮಗುವಿನ ಶೂ ಇತ್ತು.

‘ಹೋದ್ವಾರ ನನ್ ಪಕ್ಕ ಕೂತು ಊಟ ಮಾಡ್ದಾಗ್ಲೂ ಗೊತ್ತಿತ್ತಾ ನಿಂಗೆ?’

‘ಗೊತ್ತಿತ್ತು.’

‘ಅನು ಎಲ್ಲಿ ಇವತ್ತು?’

ಅವಳು ಶೂ ಕೆಳಗಿಟ್ಟಳು. ಒಳಗೆ ಹೋದಳು. ಮಕ್ಕಳನ್ನೆಲ್ಲ ಹೊರಗೆ ಕರೆದುಕೊಂಡು ಬಂದಳು. ಬಾಲಸುಬ್ರಹ್ಮಣ್ಯ ಬೋರ್ಡ್ ಒರೆಸಿ, ಬ್ಯಾಗ್ ತೆಗೆದುಕೊಂಡು, ನಮ್ಮಿಬ್ಬರಿಗೂ ತಲೆಬಾಗಿ ಮೆಟ್ಟಿಲಿಳಿದರು.

ಜೂನ್ ೨೦

ಏಜೆನ್ಸಿಯವರಿಗೆ ನಾನೇ ತಿಳಿಸಿದ್ದೆ. ಇವತ್ತು ಉತ್ತರ ಬಂತು. ಇನ್ನು ಕೆಲಸ ಇಲ್ಲ. ಭಾಷೆ ಬಹಳ ವಿನಯದ್ದು.

ಕ್ಲಾಸ್ ನಿಂತಿದೆ. ಸಿಂಧೂರಾ ಫೋನ್ ಎತ್ತುವುದಿಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ನಿಧಿ ಕೈಬೀಸಿದಳು, ಅವಳಮ್ಮ ಕೈ ಹಿಡಿದು ಬೇರೆ ಸಾಲಿಗೆ ಎಳೆದುಕೊಂಡಳು. ತಪ್ಪೆನ್ನಲಾರೆ. ಒಂದು ವಾರ ನಾನು ಕಾದದ್ದು ನನ್ನ ಕೆಲಸವನ್ನು.

ಬಾಲಸುಬ್ರಹ್ಮಣ್ಯ ಒಸಾಕಾ ಬಿಟ್ಟರಂತೆ. ಇಂಡಿಯನ್ ಅಂಗಡಿಯವರು ಹೇಳಿದ್ದು. ಎಲ್ಲಿಗೆಂದು ಗೊತ್ತಿಲ್ಲ. ಪ್ರಿಫೆಕ್ಚರ್ ದಾಟಿದರೆ ಈ ನಿಯಮ ಅವರ ಹಿಂದೆ ಹೋಗುವುದಿಲ್ಲ.

ಜುಲೈ ೩, ಭಾನುವಾರ, ಬೆಳಿಗ್ಗೆ

ಒಕಾಜಾಕಿಯಿಂದ ಪದ್ಮಾಳ ಮೆಸೇಜ್. ಬೇರೆ ಪ್ರಿಫೆಕ್ಚರ್ ಅದು. ಕಾಲೇಜಿನಿಂದ ನನಗೆ ಪರಿಚಯ, ಅವಳ ಗಂಡ ಅಲ್ಲಿ ಪೋಸ್ಟ್‌ಡಾಕ್ ಸಂಶೋಧಕ. ಅಲ್ಲಿ ಐದಾರು ಕನ್ನಡದ ಮನೆಗಳಿವೆ. ಮಕ್ಕಳಿಗೆ ಪಾಠ ಹೇಳಲು ಒಬ್ಬರು ಸಿಕ್ಕಿದ್ದಾರಂತೆ, ಒಸಾಕಾದಿಂದ ಬಂದವರು, ಮೈಸೂರು ಕಡೆಯವರು, ತುಂಬ ತಾಳ್ಮೆ. ನಿನಗೆ ಅವರ ಪರಿಚಯ ಇದೆಯಾ ಎಂದು ಕೇಳಿದ್ದಾಳೆ.

ಸಹಿ ಹಾಕಿದ ಮಾತು ಈಗಲೂ ಸಹಿ ಹಾಕಿದ ಮಾತೇ. ಕೆಲಸ ಹೋದರೂ ಅದು ಹೋಗುವುದಿಲ್ಲ, ಏಜೆನ್ಸಿಯ ಪತ್ರದಲ್ಲೇ ಬರೆದಿದ್ದಾರೆ. ಕೇಸ್ ಹಾಕಬಹುದು. ಹಾಕಲಿ.

ಫೋನ್ ಮಾಡುತ್ತಿದ್ದೇನೆ. ಎತ್ತಿದಳು, ಹಿಂದೆ ಮಕ್ಕಳ ಗಲಾಟೆ, ಒಂದು ನಿಮಿಷ ಇರು ಅಂದಳು. ಬಾಗಿಲು ಹಾಕಿ ಬರಲಿ. ಮೊದಲನೇ ಮಾತು ಏನೆಂದು ಬರೆದಿಟ್ಟುಕೊಳ್ಳುತ್ತೇನೆ, ತಡವರಿಸಬಾರದು: ಪದ್ಮಾ, ಆ ಮನುಷ್ಯ—